ಕೋವಿ ಇಲ್ಲದ ಚೀಲ

ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟಾಗಲೆಲ್ಲ ನನಗೆ ಈಗಲೂ ದೊಡ್ಡಪ್ಪನ ಕೋವಿಯ ವಾಸನೆಯೇ ಬರುತ್ತದೆ.

ಭದ್ರಾವತಿಯ ಕಾರ್ಖಾನೆಯಲ್ಲಿದ್ದ ದೊಡ್ಡಪ್ಪನಿಗೆ ಆಫ್ರಿಕಾದಲ್ಲಿ ಕೆಲಸ ಸಿಕ್ಕಿತ್ತು. ಕಾರು, ಕೋವಿ ಎರಡನ್ನೂ ಒಯ್ಯುತ್ತೇನೆ, ಅಲ್ಲಿ ಶಿಕಾರಿ ಮಾಡುತ್ತೇನೆ ಎಂದು ಕ್ವಾರ್ಟರ್ಸಿಗೆಲ್ಲ ಹೇಳಿಕೊಂಡು ಓಡಾಡಿದ್ದರು.

"ತೋಟಕ್ಕೆ ಬಂದ ಮಂಗನಿಗೂ ಗುರಿ ಇಡದೆ ಆಕಾಶಕ್ಕೆ ಹೊಡೀತಿದ್ದೋನು, ಅಲ್ಲಿ ಸಿಂಹ ಹೊಡೀತಾನಂತೆ ಮಾರಾಯ್ತಿ" ಎಂದು ಅಜ್ಜಿ ಅಮ್ಮನ ಹತ್ತಿರ ನಗುತ್ತಿದ್ದರು.

ಕಾರಿಗೆ ಒಪ್ಪಿಗೆ ಸಿಕ್ಕಿತು. ಕೋವಿ ಮಾತ್ರ ಬೇಡ ಎಂದರು ಆ ದೇಶದವರು. ಕಾರು ಮಂಗಳೂರಿನ ಬಂದರಿಗೆ ಹೊರಡುವ ದಿನ ಬೆಳಿಗ್ಗೆ ದೊಡ್ಡಪ್ಪ ಅಜ್ಜನ ಕಾಲದ ಆ ಕೋವಿಯನ್ನು, ಮನೆಯಲ್ಲಿ ಬೇರೆ ಯಾರಿಗೂ ಲೈಸೆನ್ಸ್ ಇಲ್ಲದ್ದರಿಂದ, ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬಂದರು. ಊಟಕ್ಕೆ ಕೂತವರು ಅನ್ನ ಕಲಸುತ್ತಲೇ ಇದ್ದರು.

"ಅಪ್ಪ ಅದನ್ನ ನಮಗೆ ಮುಟ್ಟೋಕೂ ಬಿಡ್ತಿರಲಿಲ್ಲ. ಪೇದೆ ಕಂಕುಳಲ್ಲಿ ಇಟ್ಕೊಂಡು ಒಳಗೆ ಹೋದ" ಎಂದರು.

ಮಧ್ಯಾಹ್ನ ಅಜ್ಜಿ ಕಾರಿನ ಪೂಜೆಗೆ ತಟ್ಟೆ ಹಿಡಿದು ಬಂದರು. ಚಕ್ರದಡಿ ಇಡುವ ನಿಂಬೆಹಣ್ಣು ನನ್ನ ಕೈಯಲ್ಲಿತ್ತು. ಹಿಂದೆ ಡಿಕ್ಕಿ ತೆರೆದುಕೊಂಡು ದೊಡ್ಡಪ್ಪ ಕೋವಿಯ ಖಾಲಿ ಕ್ಯಾನ್ವಾಸ್ ಚೀಲವನ್ನು ಮಡಚಿ ಸ್ಟೆಪ್ನಿಯ ಕೆಳಗೆ ತುರುಕುತ್ತಿದ್ದರು. ಎಣ್ಣೆಯ ವಾಸನೆ ಘಮ್ಮೆಂದಿತು. ಅಜ್ಜಿಯನ್ನು ಕಂಡು ಅವರ ಕೈ ನಿಂತಿತು.

ಅಜ್ಜಿ ನಗುತ್ತಾರೆಂದು ನಾನು ಕಾದೆ. ಅವರು ಚೀಲವನ್ನು ಹೊರಗೆಳೆದು, ಮಡಿಕೆ ಬಿಡಿಸಿ, ಆಯುಧಪೂಜೆಯಲ್ಲಿ ಕೋವಿಗೆ ಹಚ್ಚುತ್ತಿದ್ದ ಹಾಗೆಯೇ ಉದ್ದಕ್ಕೂ ಕುಂಕುಮ ಹಚ್ಚಿದರು.

"ಸ್ಟೆಪ್ನಿ ಕೆಳಗೆ ಇಡೋದಲ್ಲ ಇದು" ಎಂದರು. "ಮುಂದಿನ ಸೀಟಲ್ಲಿ ಇಡು."