ನೂರಾ ಇಪ್ಪತ್ತು ಮಿಲಿ ಹಾಲು

ನಾನು ಗಡಿ ಸೇತುವೆಯ ತಪಾಸಣೆ ಗೇಟಿನೊಳಗೆ ಕಾಲಿಟ್ಟೊಡನೆ ಎಂದಿನಂತೆ ಕೆಂಪು ದೀಪ ಹತ್ತಿತು.

"ಮಂದಿ ದಾಟಬೋದ್ರಿ ಅಕ್ಕಾರ, ಸಾಮಾನು ದಾಟಂಗಿಲ್ಲ. ನಿಮ್ಮ ಎದ್ಯಾಗ ನೂರಾ ಇಪ್ಪತ್ತು ಮಿಲಿ ಹಾಲು ತೋರಸಾಕತ್ತೈತಿ," ಎಂದ ಕಾವಲಿನ ಬಸಲಿಂಗ.

"ಅದು ಸಾಮಾನಲ್ಲೋ ತಮ್ಮಾ, ನನ್ನ ಕೂಸಿನ ಊಟ. ಮೂರು ತಿಂಗಳ ಕೂಸು ಆಚೀ ದವಾಖಾನ್ಯಾಗ ಹಸದು ಮಲಗೈತಿ."

"ಕೂಸಿನ್ನ ನೋಡಾಕ ಯಾರು ಬ್ಯಾಡಂತಾರ್ರೀ? ಹಾಲು ಇಲ್ಲೇ ಹಿಂಡಿ ಹೋಗ್ರಿ."

"ನಿಮ್ಮವ್ವ ಪರವಾನಗಿ ತಗೊಂಡು ನಿನಗ ಹಾಲು ಕುಡಿಸಿದ್ಳೇನು?"

ಅವನು ತಲೆ ತಗ್ಗಿಸಿ ಬಕೆಟ್ ಚಾಚಿದ. ಪರದೆಯ ಹಿಂದೆ ಕೊನೆಯ ಹನಿಯವರೆಗೂ ಹಿಂಡಿ ಬಂದೆ. ಹಸಿರು ದೀಪ ಹತ್ತಿತು.

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರದೋ ಕೂಸು ಅತ್ತಿತು. ನನ್ನ ಕುಪ್ಪಸ ತೊಯ್ದುಹೋಯಿತು. ಗೇಟು ಮತ್ತೆ ಕೆಂಪಾಯಿತು.