ಬಿಲ್ ನಂಬರ್ ಒಂದು

"ಈ ಕಂಪನಿ ನಾ ಒಬ್ಬನೇ ಕಟ್ಟೀನಿ ಅಂತ ಬರಿ," ಎಂದ ಸಂಗಮನಾಥ.

ಕೆಲಸಕ್ಕೆ ಹೊಸದಾಗಿ ಸೇರಿದ್ದ ದಾನೇಶ್ವರಿ ಬರೆದುಕೊಂಡಳು. ಶಹಾಪುರದ ಬಸ್ ನಿಲ್ದಾಣದ ಎದುರಿನ ಅವನ ಆಫೀಸಿಗೆ ಹೊಸ ವೆಬ್‌ಸೈಟ್ ಆಗುತ್ತಿತ್ತು. ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಹಾಕಿಕೊಡುವುದು, ಕಲಿಸುವುದು, ಕೆಟ್ಟರೆ ಓಡಿಹೋಗುವುದು ಎಂದು ಸೇವೆಗಳ ಪಟ್ಟಿ ಮುಗಿದು 'ನಮ್ಮ ಇತಿಹಾಸ' ಎಂಬ ಪುಟವೊಂದು ಉಳಿದಿತ್ತು. ಹದಿನೈದು ವರ್ಷದ ಇತಿಹಾಸವನ್ನು ಸಂಗಮನಾಥ ಚಹಾ ಆರುವುದರೊಳಗೆ ಹೇಳಿ ಮುಗಿಸಿದ್ದ.

"ಮೊದಲ್ನೇ ಬಿಲ್ಲಿಂದು ಫೋಟೋ ಹಾಕೂಣ್ರಿ ಸರ್, ಛಂದ ಕಾಣ್ತದ," ಎಂದು ಅವಳು ಸುರಪುರದ ಬಟ್ಟೆ ಅಂಗಡಿಯ ಬ್ಯಾಕಪ್ ತೆರೆದಳು. ಎಲ್ಲ ಅಂಗಡಿಗಳ ಬಿಲ್ಲುಗಳ ನಕಲು ದಿನಾಲೂ ಆಫೀಸಿನ ಕಂಪ್ಯೂಟರಿಗೆ ಬಂದು ಬೀಳುತ್ತಿತ್ತು. ಬಿಲ್ ನಂಬರ್ ಒಂದು: ಅಮೀನುದ್ದೀನ, ಕರವಸ್ತ್ರ ಒಂದು.

"ಅದು ಬ್ಯಾಡ. ಬ್ಯಾರೇದು ತಗಿ."

ವಡಗೇರಾದ ಗೊಬ್ಬರದಂಗಡಿ: ಅಮೀನುದ್ದೀನ, ಸುತಳಿ ಉಂಡೆ ಒಂದು. ಯಾದಗಿರಿಯ ಪಾತ್ರೆ ಅಂಗಡಿ: ಅಮೀನುದ್ದೀನ, ಚಮಚ ಒಂದು.

"ಯಾರ್ರಿ ಸರ್ ಇವ್ರು? ಎಲ್ಲಾ ಅಂಗಡ್ಯಾಗೂ ಇವರದೇ ಬೋಣಿಗಿ ಅದಲ್ರಿ!"

"ಮೊದಲ ನಮ್ಮಲ್ಲಿ ಇದ್ದ."

ಆಡಿದ ಮಾತಿಗೆ ಅವನಿಗೇ ನಾಚಿಕೆಯಾಯಿತು. 'ನಮ್ಮಲ್ಲಿ' ಇದ್ದನೇ? ಇಬ್ಬರೂ ಅರ್ಧರ್ಧ ಬಾಡಿಗೆ ಹಾಕಿ ಹಿಡಿದ ಕೋಣೆಯಿದು. ಸಂಗಮನಾಥ ಇಲ್ಲಿ ಕೂತು ಪ್ರೋಗ್ರಾಂ ಬರೆದ. ಮೌಸ್ ಮುಟ್ಟಲೂ ಅಂಜುವ ಸಾಹುಕಾರರ ಪಕ್ಕ ಸ್ಟೂಲ್ ಹಾಕಿಕೊಂಡು ವಾರಗಟ್ಟಲೆ ಕಲಿಸಿದವನು ಅಮೀನುದ್ದೀನ. "ಸುಳ್ಳು ಬಿಲ್ ಹೊಡದು ಯಾರ ಅಂಗಡೀನೂ ಚಾಲೂ ಮಾಡಬಾರದೋ," ಎನ್ನುತ್ತಿದ್ದ. ಹೋದಲ್ಲೆಲ್ಲ ತನ್ನ ಕಿಸೆಯಿಂದ ರೊಕ್ಕ ಕೊಟ್ಟು ಏನಾದರೊಂದು ಕೊಂಡೇ ಮೊದಲ ಬಿಲ್ ಮಾಡುತ್ತಿದ್ದ. ಆದರೆ ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅಂಗಡಿಗಳ ಸಂಖ್ಯೆ ನೂರು ದಾಟಿದ ವರ್ಷ, ನಾಲ್ಕು ಮಂದಿಯ ಎದುರಿಗೆ ಸಂಗಮನಾಥ ಅಂದುಬಿಟ್ಟ: "ಸಾಫ್ಟ್‌ವೇರ್ ಮಾಡಾಂವ ನಾ. ನೀ ಬರೇ ತಿರುಗಾಂವ." ಅಮೀನುದ್ದೀನ ಕೋಣೆಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಮುಂದೆ ಸುರಪುರದಲ್ಲಿ ನೋಟ್‌ಬುಕ್ಕು, ಪೆನ್ನಿನ ಅಂಗಡಿ ಇಟ್ಟಾಗ ಒಂದೇ ಒಂದು ಸಲ ಫೋನ್ ಮಾಡಿದ್ದ. "ನಿಂದೇ ಸಾಫ್ಟ್‌ವೇರ್ ಹಾಕಿಸ್ತೀನಿ. ಆದ್ರ ನೀನೇ ಬಂದು ಚಾಲೂ ಮಾಡಿಕೊಡಬೇಕು ನೋಡು." ಹೋಗಿದ್ದರೆ ಅವತ್ತೇ ಎಲ್ಲ ಸರಿಹೋಗುತ್ತಿತ್ತು. ಸಂಗಮನಾಥನಿಗೆ ಅವನೆದುರು ನಿಲ್ಲಲು ಮುಖವಿರಲಿಲ್ಲ. ಪುರಸೊತ್ತಿಲ್ಲ ಎಂದು ಹೇಳಿ, ಆಫೀಸಿನ ಮರಿಲಿಂಗನನ್ನು ಕಳಿಸಿ ಕೈತೊಳೆದುಕೊಂಡ. ಆ ಮಾತಿಗೆ ಆರು ವರ್ಷವಾಯಿತು. ಶಹಾಪುರದಿಂದ ಸುರಪುರ ಎಷ್ಟು ದೂರ? ಬಸ್ಸಿನಲ್ಲಿ ಕೂತರೆ ಒಂದು ತಾಸೂ ಬೇಡ.

"ಸರ್, ಇವರದೇ ಅಂಗಡಿ ಬ್ಯಾಕಪ್ಪೂ ಅದರಿ ಇಲ್ಲಿ. ತೆಗೀಲೇನ್ರಿ?"

ಬೇಡ ಎನ್ನುವುದರೊಳಗೆ ಅವಳು ತೆರೆದಾಗಿತ್ತು.

ಬಿಲ್ ನಂಬರ್ ಒಂದು. ಗಿರಾಕಿ: ಸಂಗಮನಾಥ. ಪೆನ್ನು ಒಂದು. ನಗದು ಹತ್ತು ರೂಪಾಯಿ ಸಂದಾಯ.

"ಅಯ್ಯ, ಇಲ್ಲಿ ಬೋಣಿಗಿ ನಿಮ್ದೇ ಅದಲ್ರಿ ಸರ್!" ದಾನೇಶ್ವರಿ ನಕ್ಕಳು.

ಸಂಗಮನಾಥ ಆ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಹತ್ತು ರೂಪಾಯಿ ಯಾರ ಕಿಸೆಯದೆಂದು ಯಾರೂ ಹೇಳಬೇಕಾಗಿರಲಿಲ್ಲ. ಇತಿಹಾಸದ ಪುಟವನ್ನು ಒಮ್ಮೆ ನೋಡಿದ.

"ಕೆಳಗ ಏನೋ ಷರಾ ಬರದಾರ್ರಿ," ಎಂದು ಅವಳು ಪರದೆಗೆ ಬಾಗಿ ಓದಿದಳು: "ಮಾಲು ತಗದು ಇಟ್ಟೀನಿ. ಬಂದು ಒಯ್ತಾನ."