ಬಹುಮಾನದ ಮುಖವಾಡ

ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯುವವನು ತಂಗಿಯ ಕೈಗೆ ರಟ್ಟಿನ ಮುಖವಾಡವೊಂದನ್ನು ಕೊಟ್ಟ. ಅಕ್ಕನಿಗೂ ಕೊಡಲು ಹೋಗಿ ಕೈ ಹಿಂದೆ ತೆಗೆದುಕೊಂಡು, “ಓಹೋ, ನೀವು ಮನೆಯಿಂದಲೇ ಹಾಕ್ಕೊಂಡು ಬಂದಿದೀರಾ! ನಮ್ಮದಕ್ಕಿಂತ ನಿಮ್ದೇ ಜೋರಾಗಿದೆ ಬಿಡಿ,” ಎಂದು ನಕ್ಕ. ತಂಗಿ ತಟ್ಟನೆ ಅಕ್ಕನ ಕಡೆ ತಿರುಗಿದಳು. ಅಕ್ಕ ಮಾತ್ರ, “ಥ್ಯಾಂಕ್ಸಪ್ಪಾ,” ಎಂದು ಒಳಗೆ ನಡೆದಳು.

ಅವಳು ಹಾಕಿಕೊಂಡಿದ್ದದ್ದು ಆಸ್ಪತ್ರೆಯವರು ಅಳತೆ ತೆಗೆದು ಹೊಲಿಸಿಕೊಟ್ಟದ್ದು. ಕಣ್ಣು, ಮೂಗು, ಬಾಯಿಗಷ್ಟೇ ತೂತು ಬಿಟ್ಟು ತಲೆಯನ್ನೆಲ್ಲ ಬಿಗಿದು ಹಿಡಿಯುವ ಕಂದು ಬಟ್ಟೆ. ಬೇಕರಿಯಲ್ಲಿ ಅವಳು ಬ್ರೆಡ್ಡು ಬೇಯಿಸುತ್ತಿದ್ದ ಒಲೆ ಒಂದು ಬೆಳಿಗ್ಗೆ ಭಗ್ಗೆಂದು ಮುಖಕ್ಕೇ ಹೊಡೆದಿತ್ತು. ಸುಟ್ಟ ಚರ್ಮ ಗಂಟುಗಂಟಾಗಿ ಬೆಳೆಯಬಾರದೆಂದರೆ ಹಗಲೂ ರಾತ್ರಿ ಇದನ್ನು ಹಾಕಿಕೊಂಡಿರಬೇಕು ಎಂದಿದ್ದರು ಡಾಕ್ಟರು. ಅಲ್ಲಿಂದೀಚೆಗೆ ಅವಳು ಆಸ್ಪತ್ರೆ ಬಿಟ್ಟರೆ ಬೇರೆಲ್ಲಿಗೂ ಹೊರಟವಳಲ್ಲ. ಬಸ್ಸು ಎಷ್ಟೇ ತುಂಬಿದ್ದರೂ ಅವಳ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ಮನೆಯಲ್ಲೇ ಕೂತು ಒಂದು ದೆವ್ವದ ಕಾದಂಬರಿ ಓದುತ್ತಿದ್ದಳು, ಮೊಬೈಲಿನಲ್ಲಿ ಅದೇ ದೆವ್ವದ ಆಟ ಆಡುತ್ತಿದ್ದಳು, ಅದರ ಹಾಡನ್ನು ಗುನುಗುತ್ತಿದ್ದಳು. ಬಿಳಿ ಮುಖವಾಡದ ಆ ದೆವ್ವ ಈಗ ಸಿನಿಮಾ ಆಗಿ ಬಂದಿತ್ತು. ಮೊದಲ ವಾರ ನೋಡಲು ಬಂದವರಿಗೆಲ್ಲ ಮುಖವಾಡ ಪುಕ್ಕಟೆ ಎಂಬ ಜಾಹೀರಾತು ಕಂಡದ್ದೇ ತಡ, ತಂಗಿಯ ತಲೆ ಓಡಿತ್ತು. “ಅಲ್ಲಿ ಎಲ್ಲರೂ ಹಾಗೇ ಇರ್ತಾರೆ ಕಣಕ್ಕ. ನಿನ್ನ ಯಾರು ನೋಡ್ತಾರೆ?”

ತಂಗಿಯ ಲೆಕ್ಕ ತಪ್ಪಲಿಲ್ಲ. ಐದನೇ ಸಾಲಿನಲ್ಲಿ ಅಕ್ಕನ ಪಕ್ಕ ಕೂತ ದಪ್ಪನೆಯ ಹೆಂಗಸು ಸರಿದು ಕೂರಲಿಲ್ಲ. ದೆವ್ವ ಬಂದಾಗಲೆಲ್ಲ ಅಕ್ಕನ ತೋಳನ್ನೇ ಗಟ್ಟಿಯಾಗಿ ಹಿಡಿದು, “ಅಯ್ಯಯ್ಯೋ, ಹೋಯ್ತಾ ಹೇಳ್ರೀ,” ಎನ್ನುತ್ತಿದ್ದಳು. “ಹೋಯ್ತು, ಕಣ್ಣು ಬಿಡಿ,” ಎಂದು ಅಕ್ಕ ಸುಳ್ಳು ಹೇಳಿ ಅವಳನ್ನು ಇನ್ನೊಮ್ಮೆ ಕಿರುಚಿಸಿ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ! ಆದರೂ ತಂಗಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಧ್ಯಂತರಕ್ಕೆ ದೀಪ ಹತ್ತುತ್ತದಲ್ಲ, ಆಗ ಏನು ಗತಿ ಎಂದು ಬಾಗಿಲ ಕಡೆಗೇ ನೋಡುತ್ತಿದ್ದಳು.

ದೀಪ ಹತ್ತಿತು. ಮ್ಯಾನೇಜರು ಮೈಕು ಹಿಡಿದು ತೆರೆಯ ಮುಂದಿನ ಕಟ್ಟೆ ಹತ್ತಿದ. “ಇವತ್ತಿನ ಅತಿ ಭಯಂಕರ ಮುಖವಾಡಕ್ಕೆ ನಮ್ಮ ಕಡೆಯಿಂದ ಒಂದು ಬಹುಮಾನ! ಐದನೇ ಸಾಲಿನ ನೀಲಿ ಅಂಗಿ ಮೇಡಂ, ದಯವಿಟ್ಟು ಬನ್ನಿ!”

“ಬೇಡ ಅಕ್ಕ, ಎದ್ದು ಹೊರಗೆ ಹೋಗಿಬಿಡೋಣ.” ತಂಗಿ ಮಣಿಕಟ್ಟು ಹಿಡಿದಳು.

“ಯಾರಾದ್ರೂ ನನ್ನ ‘ಬನ್ನಿ’ ಅಂತ ಕರೆದು ಎಷ್ಟು ದಿನ ಆಯ್ತೇ?” ಎನ್ನುತ್ತ ಅಕ್ಕ ಕೈ ಬಿಡಿಸಿಕೊಂಡು ಹೊರಟೇಬಿಟ್ಟಳು.

ಹತ್ತಿರ ಬಂದ ಮೇಲೆ ಮ್ಯಾನೇಜರಿಗೆ ಬಟ್ಟೆಯ ಹೊಲಿಗೆ ಕಂಡಿತು, ತೂತಿನೊಳಗೆ ಎಳೆದುಕೊಂಡ ರೆಪ್ಪೆ ಕಂಡಿತು. ನಗು ಅರ್ಧಕ್ಕೇ ನಿಂತಿತು. ಮೈಕನ್ನು ತನ್ನ ಬಾಯಿಂದ ದೂರ ಹಿಡಿದು, “ತಪ್ಪಾಯ್ತಮ್ಮ, ಗೊತ್ತಾಗ್ಲಿಲ್ಲ. ಇದು ತಗೊಂಡು ಹೋಗಿಬಿಡಿ,” ಎಂದು ಪೊಟ್ಟಣವೊಂದನ್ನು ಅವಳ ಕೈಗೆ ತುರುಕಿದ. ಆದರೆ ಜನ ಬಿಡಬೇಕಲ್ಲ. “ತೆಗೀರಿ! ಮುಖ ತೋರ್ಸಿ!” ಶಿಳ್ಳೆ, ಕಾಲು ಬಡಿತ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ಪಕ್ಕದ ಸೀಟಿನ ದಪ್ಪನೆಯ ಹೆಂಗಸು. ಕಾಲುಗಳನ್ನು ದಾಟಿಕೊಂಡು ತಂಗಿ ಕಟ್ಟೆಯ ಬಳಿ ಓಡಿ ಬರುವಷ್ಟರಲ್ಲಿ ಅಕ್ಕನ ಕೈ ತಲೆಯ ಹಿಂದಕ್ಕೆ ಹೋಗಿತ್ತು. ಬಟ್ಟೆಯನ್ನು ಬಿಗಿದಿದ್ದ ಅಂಟುಪಟ್ಟಿ ಚರ್ರೆಂದು ಬಿಟ್ಟುಕೊಂಡ ಸದ್ದು ಮೈಕಿನಲ್ಲಿ ಇಡೀ ಮಂದಿರಕ್ಕೆ ಕೇಳಿಸಿತು. ಅಕ್ಕ ಬಟ್ಟೆಯನ್ನು ಮೇಲಕ್ಕೆಳೆದು ತೆಗೆದಳು.

ಕೂಗು ನಿಂತಿತು. ಹಿಂದಿನ ಸಾಲಿನಿಂದ ಯಾರೋ, “ಸೂಪರ್! ಈಗ ಆ ಒಳಗಿನದ್ದೂ ತೆಗೀರಿ!” ಎಂದರು. ಒಂದಿಬ್ಬರು ನಕ್ಕರು. ಮುಂದಿನ ಸಾಲಿನವರು ನಗದೇ ಇದ್ದದ್ದು ನೋಡಿ ಆ ನಗುವೂ ಸತ್ತಿತು.

ಅಕ್ಕ ಮ್ಯಾನೇಜರನ ಕೈಯಿಂದ ಮೈಕು ತೆಗೆದುಕೊಂಡಳು. “ಇದು ನಂದೇ. ತೆಗೆಯಕ್ಕೆ ಬರಲ್ಲ.”

ಸೀಟಿಗೆ ಮರಳಿದಾಗ ತಂಗಿ ಬಿಕ್ಕುತ್ತಿದ್ದಳು. “ನಂದೇ ತಪ್ಪು, ಮನೆಗೆ ಹೋಗೋಣ ನಡಿ.”

“ಅರ್ಧ ಸಿನಿಮಾ ಬಿಟ್ಟು ಹೋಗಕ್ಕೆ ನನಗೇನು ಹುಚ್ಚಾ? ಕೂತ್ಕೋ.” ಮಾತು ಗಟ್ಟಿಯಾಗಿತ್ತು, ದನಿ ಗಟ್ಟಿಯಾಗಿರಲಿಲ್ಲ. ಬಟ್ಟೆಯನ್ನು ಮತ್ತೆ ಹಾಕಿಕೊಳ್ಳದೆ ಮಡಿಲಲ್ಲಿಟ್ಟುಕೊಂಡಳು. ದೀಪ ಆರಿತು. ತಣ್ಣನೆಯ ಗಾಳಿ ಬಂದು ಮುಖಕ್ಕೆ ತಾಗಿತು. ಉರಿಯಿತು, ಹಿತವೂ ಆಯಿತು.

ಕಾದಂಬರಿಯಲ್ಲಿ ಆ ದೆವ್ವದ ಮುಖವಾಡ ಕೊನೆಯವರೆಗೂ ಕಳಚುವುದಿಲ್ಲ. ಸಿನಿಮಾದವರು ಬಿಡುತ್ತಾರೆಯೇ? ನಾಯಕಿ ಕೈ ಚಾಚಿ ಅದನ್ನು ಕಿತ್ತೆಸೆದಳು. ಸಂಗೀತ ಗಕ್ಕನೆ ನಿಂತಿತು. ತೆರೆಯ ತುಂಬ, ಗೋಡೆಯಷ್ಟು ದೊಡ್ಡದಾಗಿ, ಒಂದು ಸುಟ್ಟ ಮುಖ.

ಇಡೀ ಮಂದಿರದಲ್ಲಿ ಒಬ್ಬರೂ ಕಿರುಚಲಿಲ್ಲ. ಎಷ್ಟೋ ಬಿಳಿ ಮುಖವಾಡಗಳು ಐದನೇ ಸಾಲಿನ ಕಡೆ ತಿರುಗಿ, ತಟ್ಟನೆ ತೆರೆಯ ಕಡೆಗೆ ಮರಳಿದವು. ದಪ್ಪನೆಯ ಹೆಂಗಸಿನ ಕೈ ಅಕ್ಕನ ತೋಳಿನವರೆಗೆ ಬಂದು ಗಾಳಿಯಲ್ಲೇ ನಿಂತಿತು.

ಅಕ್ಕ ಸೀಟಿಗೆ ಒರಗಿಕೊಂಡು, ನಾಲ್ಕು ಸಾಲಿಗೆ ಕೇಳುವಂತೆ ಹೇಳಿದಳು: “ಕಿರುಚ್ಕೊಳ್ರೀ, ಪರವಾಗಿಲ್ಲ. ಅದು ಬರೀ ಮೇಕಪ್ಪು.”